ಹಲ್ಲಿನವರು, ನೋವಿನವರು

ಭರಮಣ್ಣ ನನ್ನ ಹಿಟ್ಟಿನ ಗಿರಣಿಯೊಳಗೆ ಓಡಿ ಬಂದಾಗ ನನ್ನ ಬಾಯಲ್ಲಿ ಇನ್ನೂ ಶೇಂಗಾ ಚಿಕ್ಕಿ ಇತ್ತು. ಅವನ ಹೆಗಲ ಮೇಲಿನ ಟಪಾಲು ಚೀಲ ತಾಗಿ ಯಾರದೋ ಹಿಟ್ಟಿನ ಡಬ್ಬಿ ಉರುಳಿತು. ಅವನಿಗೆ ಅದರ ಖಬರೇ ಇಲ್ಲ. ಬಲಗೆನ್ನೆ ಹಿಡಿದುಕೊಂಡು, "ಏ ನೀಲಕ್ಕಾ, ಮೊದಲು ಉಗುಳು ಅದನ್ನ! ಎಷ್ಟು ಸಲ ಹೇಳಬೇಕು, ಆ ಬಲಗಡಿ ಹಲ್ಲಿಗೆ ಚಿಕ್ಕಿ ಕೊಡಬ್ಯಾಡ ಅಂತ? ಸೈಕಲ್ ಮ್ಯಾಲಿಂದ ಬೀಳ್ತಿದ್ದೆ ಈಗ" ಎಂದು ಕೂಗಿದ. ನಾನು ಉಗುಳಿದೆ. ಉಗುಳದೆ ಏನು ಮಾಡಲಿ? ಹಲ್ಲು ನನ್ನದಾದರೂ ನೋಯುವುದು ಅವನಿಗೆ.

ನಮ್ಮೂರಿನ ಬಾಳೇ ಇದು. ನನ್ನ ಹಲ್ಲು ಟಪಾಲಿನ ಭರಮಣ್ಣನಿಗೆ ನೋಯುತ್ತದೆ, ಅವನದು ಬಳೆ ಅಂಗಡಿಯವಳಿಗೆ, ಅವಳದು ಇನ್ಯಾರಿಗೋ. ಯಾರ ಬಾಯಲ್ಲಿ ಹಲ್ಲಿದೆಯೋ ಅವರಿಗೆ ಹಲ್ಲಿನವರು ಅನ್ನುತ್ತೇವೆ, ಯಾರು ಅನುಭವಿಸುತ್ತಾರೋ ಅವರಿಗೆ ನೋವಿನವರು. ಹೀಗಾಗಿ ಇಲ್ಲಿ ಯಾರೂ ಕನ್ನಡಿ ಹಿಡಿದು ತಮ್ಮ ಬಾಯಿ ತಾವು ನೋಡಿಕೊಳ್ಳುವವರಲ್ಲ. ತೂತು ಬಿದ್ದರೆ ಹೇಗೂ ಯಾರಾದರೂ ಮನೆ ಬಾಗಿಲಿಗೆ ಬಂದು ಜಗಳ ತೆಗೆಯುತ್ತಾರೆ ಎಂಬ ಧೈರ್ಯ. ಸಂಜೆ ಕಟ್ಟೆಯ ಮೇಲೆ ಕೂತವರು ಊಟ ಆತೇನು ಎಂದು ಕೇಳುವುದಕ್ಕಿಂತ ಹಲ್ಲು ತಿಕ್ಕಿದಿರೇನು ಎಂದು ಕೇಳುವುದೇ ಹೆಚ್ಚು.

ಹಲ್ಲಿನ ಡಾಕ್ಟರು ಪ್ರಭಯ್ಯನವರಿಗೆ ಈಗ ಅರವತ್ತು. ಅವರ ದವಾಖಾನೆಯಲ್ಲಿ ಎರಡು ಕುರ್ಚಿ, ಒಂದು ಹಲ್ಲಿನವರಿಗೆ, ಒಂದು ನೋವಿನವರಿಗೆ. ಲವಂಗದ ಎಣ್ಣೆ ಯಾರ ಬಾಯಿಗೆ ಹಾಕಬೇಕು ಎಂದು ಹೊಸ ಸೊಸೆಯಂದಿರು ಕೇಳಿದರೆ, "ಹಲ್ಲು ಎಲ್ಲೈತಿ ಅಲ್ಲಿಗವ್ವ, ಚೀರಾಕಿ ಬಾಯಿಗೆ ಹಾಕಿದ್ರ ಬರೇ ಖಾರ" ಅನ್ನುತ್ತಾರೆ. ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲಾಗುತ್ತವಂತೆ ಹೌದಾ ಎಂದರೆ, "ಸಡಿಲಾಗಿದ್ದನ್ನ ಕಿಟ್ಟ ಹಿಡಕೊಂಡಿರತೈತಿ, ಕಿಟ್ಟ ತಗದಾಗ ನಿಮಗ ಗೊತ್ತಾಕ್ಕೈತಿ, ಅಷ್ಟ" ಎಂದು ರೇಗುತ್ತಾರೆ. ಒಮ್ಮೆ ಕಬಡ್ಡಿಯಲ್ಲಿ ಒಬ್ಬನ ಮುಂದಿನ ಹಲ್ಲು ಬೇರು ಸಮೇತ ಕಿತ್ತುಬಿತ್ತು. ಅವನು ರಕ್ತ ಒರೆಸಿಕೊಂಡು ಆಟ ಮುಂದುವರಿಸಿದ. ಎರಡು ಓಣಿ ಆಚೆ ತಾಳಿ ಕಟ್ಟುತ್ತಿದ್ದ ಮದುಮಗ ಚೀರಿ ಕೂತುಬಿಟ್ಟ. ಪ್ರಭಯ್ಯನವರು ಮದುವೆಯ ಊಟ ಬಿಟ್ಟು ಓಡಿ, ಅಂಗಳದ ಧೂಳಲ್ಲಿ ಹಲ್ಲು ಹುಡುಕಿ, ಬೇರಿಗೆ ಕೈ ತಾಗಿಸದೆ ಬಿಳಿಯ ತುದಿ ಹಿಡಿದು, ಹಾಲಿನ ಲೋಟದಲ್ಲಿ ಹಾಕಿ, ಅರ್ಧ ತಾಸಿನೊಳಗೆ ಅದನ್ನು ಅದರ ಜಾಗದಲ್ಲೇ ಕೂರಿಸಿದರು. ಆ ಹಲ್ಲು ಇವತ್ತಿಗೂ ಇದೆ, ಆ ಮದುವೆಯೂ ಇದೆ.

ನನ್ನ ವಿಷಯಕ್ಕೆ ಬರುತ್ತೇನೆ. ನಲವತ್ತೆರಡು ವರ್ಷವಾದರೂ ನನ್ನ ಹಲ್ಲಿನವರು ಯಾರೆಂದು ಊರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೋವು ಬಂದರೆ ತಾನೇ ಹುಡುಕುವುದು? "ನನ್ನ ಹಲ್ಲಿನವರು ಯಾರೋ ಭಾರಿ ಶಿಸ್ತಿನ ಮಂದಿ" ಎಂದು ಕೊಚ್ಚಿಕೊಳ್ಳುತ್ತಿದ್ದೆ. ಒಳಗೊಳಗೆ ಮಾತ್ರ ಬೇಜಾರಿತ್ತು. ಓಣಿಯಲ್ಲಿ ಹೆಚ್ಚಿನವರಿಗೆ ಜಗಳವಾಡಲು, ಹಬ್ಬಕ್ಕೆ ಕರೆಯಲು ಒಬ್ಬರು ಹಲ್ಲಿನವರಿರುವಾಗ ನನಗೆ ಯಾರೂ ಇರಲಿಲ್ಲ.

ಹಾಗಾಗಿ ಆ ಸೋಮವಾರ ಬೆಳಿಗ್ಗೆ ಆರೂವರೆಗೆ, ಗಿರಣಿಗೆ ಪಟ್ಟಾ ಏರಿಸುತ್ತಿದ್ದಾಗ, ಎಡಗಡೆ ಕೆಳದವಡೆಯ ಹಿಂದುಗಡೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾದಾಗ ನಿಜಕ್ಕೂ ನನಗೆ ಸಂತೋಷವಾಯಿತು. ಜೋಳ ಬೀಸಿಸಲು ಬಂದ ಹೆಂಗಸರಿಗೆಲ್ಲ ಹೇಳಿದೆ. "ಅಂತೂ ನಿನಗೂ ಒಬ್ಬರು ಸಿಕ್ಕರಲ್ಲ ಬಿಡವಾ" ಎಂದು ಅವರೂ ಖುಷಿಪಟ್ಟರು. ಆ ಖುಷಿ ಮಧ್ಯಾಹ್ನದ ಊಟದವರೆಗೆ ಮಾತ್ರ. ಹನ್ನೆರಡೂವರೆಗೆ ಅದು ಎಂಥ ಹೊಡೆತ ಹೊಡೆಯಿತೆಂದರೆ ತುತ್ತು ತಟ್ಟೆಗೆ ಬಿತ್ತು. ಯವ್ವಾ! ಇದನ್ನು ಜನ ವರ್ಷಕ್ಕೆ ಒಂದೆರಡು ಸಲ ಅನುಭವಿಸಿಕೊಂಡು ಹೇಗೆ ನಗುನಗುತ್ತ ಇದ್ದಾರೆ ಎಂದು ಆಶ್ಚರ್ಯವಾಯಿತು.

ಮಾತ್ರೆ ನುಂಗಿದೆ. ಬೇರೆಯವರ ಹಲ್ಲಿಗೆ ನನ್ನ ಹೊಟ್ಟೆಯ ಮಾತ್ರೆ ಏನು ಮಾಡೀತು? ಆಮೇಲೆ ಯಾರೋ ಹೇಳಿದರೆಂದು ಮಾತ್ರೆಯನ್ನು ಒಸಡಿನ ಮೇಲೇ ಇಟ್ಟುಕೊಂಡೆ. ಅಲ್ಲಿ ಚರ್ಮ ಸುಟ್ಟು ಬೆಳ್ಳಗಾಯಿತು. ಆ ಉರಿ ಮಾತ್ರ ಅಪ್ಪಟ ನನ್ನದೇ.

"ಮಾತ್ರಿ ನುಂಗಾಕ ಇರೂದು, ಗ್ವಾಡಿಗೆ ಗಿಲಾಯಿ ಮಾಡಿದಂಗ ಹಚ್ಚಾಕಲ್ಲ" ಎಂದು ಪ್ರಭಯ್ಯನವರು ಬೈದರು. ನನ್ನ ಬಾಯಲ್ಲಿ ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ವಿಚಾರಣೆ ಶುರು ಮಾಡಿದರು.

"ಬಿಸಿ ಚಹಾಕ್ಕ ಜುಮ್ ಅಂತೈತೇನು?"

"ಇಲ್ರಿ."

"ಥಂಡಿ ನೀರಿಗೆ? ಸಿಹಿಗೆ?"

"ಯಾವುದಕ್ಕೂ ಇಲ್ರಿ. ಒತ್ತಿದಂಗ ಆಕ್ಕೈತಿ ಅಷ್ಟ. ಉಣ್ಣೂ ಹೊತ್ತಿಗೆ ಜೀವಾ ಹೋಗತೈತಿ."

"ರಾತ್ರಿ ಹೆಚ್ಚಾಗತೈತಿ ಹೌದಲ್ಲ?"

"ರಾತ್ರಿ ಇರೂದ ಇಲ್ರಿ. ಒಂಬತ್ತಕ್ಕ ನಿಂತಬಿಡತೈತಿ."

ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ರಾತ್ರಿ ಬಿಡುವು ಕೊಡೂ ಹಲ್ಲುನೋವು ನಾ ನೋಡಿಲ್ಲ ನೀಲವ್ವ. ಹಗಲೆಲ್ಲಾ ಸುಮ್ಮನಿದ್ದು ಮಲಗಿದ ಮ್ಯಾಲ ಎಬ್ಬಿಸೂದು ಅದರ ಸ್ವಭಾವ. ನಿಂದು ಉಲ್ಟಾ ಐತಿ. ಹೊತ್ತು ಬರದಿಡು" ಎಂದರು.

ಬರೆದಿಟ್ಟೆ. ಗಿರಣಿಯ ಗೋಡೆಯ ಕ್ಯಾಲೆಂಡರ್ ಹಿಂದೆ ಪೆನ್ಸಿಲಿನಲ್ಲಿ. ಬೆಳಿಗ್ಗೆ ಆರೂವರೆ, ಶುರು. ಏಳೂಮುಕ್ಕಾಲು, ನಾಷ್ಟಾ. ಹನ್ನೆರಡೂವರೆ, ಊಟ. ನಾಲ್ಕರಿಂದ ಐದು, ಸಣ್ಣ ಸಣ್ಣ ಬಡಿತ, ಬಹಳ ಮಾತಾಡುತ್ತಾರೋ ಏನೋ. ಎಂಟು, ಊಟ. ಒಂಬತ್ತು, ಬಂದ್. ಮೂರನೇ ದಿನಕ್ಕೆ ನನಗೆ ಆ ಮನುಷ್ಯನ ಗುರುತು ಹತ್ತಿತು ಎನಿಸಿತು. ನಿಧಾನಕ್ಕೆ ಉಣ್ಣುವವರು, ಅರ್ಧ ತಾಸಿಗಿಂತ ಕಮ್ಮಿಯಿಲ್ಲ. ಗಟ್ಟಿ ಪದಾರ್ಥ ಕಡಿಯುವವರೇ ಅಲ್ಲ. ಹೊತ್ತು ತಪ್ಪುವವರಲ್ಲ. ರೊಟ್ಟಿಯ ಹೊತ್ತಿಗೆ ಕಣ್ಣೀರು ಸುರಿಸುತ್ತಲೇ, ಯಾರಿರಬಹುದು ಇವರು, ಮನೆಯಲ್ಲಿ ಎಷ್ಟು ಮಂದಿ, ಇಷ್ಟು ಹೊತ್ತು ಏನು ಉಣ್ಣುತ್ತಾರೆ ಎಂದು ಯೋಚಿಸುತ್ತಿದ್ದೆ. ಕುತೂಹಲಕ್ಕೆ ಹಲ್ಲುನೋವಿನ ಹಂಗಿಲ್ಲ.

ಆರನೇ ದಿನ ತಟ್ಟುವ ಕಾರ್ಯ ಇಟ್ಟರು. ಹಲ್ಲಿನವರು ಯಾರೆಂದು ತಿಳಿಯದಿದ್ದಾಗ ನಮ್ಮಲ್ಲಿ ಮಾಡುವುದು ಇದೇ. ಶಾಲೆಯ ಒಂದು ಖೋಲಿಯಲ್ಲಿ ನೋವಿನವರು ಕದ ಹಾಕಿಕೊಂಡು, ಕೈಯಲ್ಲಿ ತಾಟು ಚಮಚ ಹಿಡಿದು ಕೂರಬೇಕು. ಹೊರಗಿನ ಪಡಸಾಲೆಯಲ್ಲಿ ಊರಿನವರು ಸಾಲಾಗಿ ಬಂದು ಬಾಯಿ ತೆಗೆಯಬೇಕು. ಡಾಕ್ಟರು ಉಕ್ಕಿನ ಹಿಡಿಕೆಯಿಂದ ಒಂದೊಂದೇ ಹಲ್ಲು ತಟ್ಟುತ್ತ ಹೋಗುತ್ತಾರೆ. ಯಾರ ಹಲ್ಲಿಗೆ ತಟ್ಟಿದಾಗ ಒಳಗೆ ನೋವಾಗುತ್ತದೋ ಆಗ ತಾಟು ಬಾರಿಸಬೇಕು. ಮುಂಜಾನೆ ಡಂಗುರದವನು ಓಣಿ ಓಣಿಯಲ್ಲಿ, "ಹಲ್ಲಿಲ್ಲದವರನ್ನ ಬಿಟ್ಟು ಉಳಿದವರೆಲ್ಲಾ ಸಾಲಿಗೆ ಬರಬೇಕು" ಎಂದು ಸಾರಿದ. ಸಾಲಿಗೆ ಹೆಸರು ಕೂಗಿ ಕರೆಯುವ ಕೆಲಸ ಯಾವತ್ತಿನಂತೆ ಇಂದುಮತಿ ಅಕ್ಕೋರದು. ನಮಗೆಲ್ಲ ಅಕ್ಷರ ಕಲಿಸಿ ನಿವೃತ್ತರಾದ ಅಕ್ಕೋರು ಅವರು. ಎಪ್ಪತ್ತೊಂದಾದರೂ ಧ್ವನಿ ಗಂಟೆ ಬಾರಿಸಿದ ಹಾಗೆ.

ಎರಡು ದಿನ ಕೂತೆ. ಒಳಗೆ ನನ್ನ ಸ್ಥಿತಿ ದೇವರಿಗೇ ಪ್ರೀತಿ. ಒಂದೊಂದು ಹೆಸರು ಕೂಗಿದಾಗಲೂ ದವಡೆ ತಿವಿಯುತ್ತಿತ್ತು. ನಾನು ತಾಟು ಬಾರಿಸುತ್ತಿದ್ದೆ. ಹೊರಗಿಂದ ಪ್ರಭಯ್ಯನವರು, "ಇನ್ನೂ ತಟ್ಟೇ ಇಲ್ಲಲ್ಲವಾ, ಬಾಯಿ ತಗೀಲಿ ತಡಿ! ಅಂಜಿ ಬಾರಸಬ್ಯಾಡ" ಎಂದು ಕೂಗುತ್ತಿದ್ದರು. ಅಂಜಿಕೆಯೇ ಇರಬಹುದೆಂದು ನಾನೂ ತುಟಿ ಕಚ್ಚಿಕೊಂಡೆ. ತಟ್ಟಿದಾಗ ಏನೂ ಆಗುತ್ತಿರಲಿಲ್ಲ. ಊರಲ್ಲಿ ಹಲ್ಲಿದ್ದವರ ಬಾಯಿ ಎಲ್ಲ ಮುಗಿದವು. ಹಲ್ಲಿನವರು ಸಿಗಲಿಲ್ಲ.

ಒಂಬತ್ತನೇ ದಿನ ರಾತ್ರಿಯ ಬಿಡುವೂ ಹೋಯಿತು, ನೋವು ನಿಲ್ಲದೆ ಬಡಿಯಿತು. ಹತ್ತನೇ ದಿನ ಬೆಳಗಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ನಿಂತಿತು. ಹತ್ತು ದಿನದ ಮೇಲೆ ಮೊದಲ ಸಲ ರೊಟ್ಟಿ ಕಡಿದು ತಿಂದೆ. ನೋವು ನಿಂತರೆ ಓಣಿಗೆಲ್ಲ ಸಕ್ಕರೆ ಹಂಚುವುದು ನಮ್ಮಲ್ಲಿ ಪದ್ಧತಿ. ತಟ್ಟೆ ತುಂಬ ಸಕ್ಕರೆ ಹಿಡಿದು ದವಾಖಾನೆಗೂ ಹೋದೆ.

ಪ್ರಭಯ್ಯನವರು ಸಕ್ಕರೆ ಮುಟ್ಟಲಿಲ್ಲ. "ಎಷ್ಟೊತ್ತಿಗೆ ನಿಂತತು? ಸಾವಕಾಶ ಇಳೀತೋ, ಒಮ್ಮೆಲೇ ನಿಂತತೋ?"

"ಒಮ್ಮೆಲೇ ರೀ. ದೇವರು ಕಣ್ಣು ತೆರದ."

"ದೇವರಲ್ಲ ಅದು, ಕೀವು" ಎಂದು ಅವರು ಎದ್ದೇಬಿಟ್ಟರು. "ಏನೂ ಔಷಧ ಇಲ್ಲದ ಒಮ್ಮೆಲೇ ನಿಂತ ನೋವು ವಾಸಿ ಆಗಿರೂದಿಲ್ಲ. ಒಳಗ ಕಟ್ಟಿಕೊಂಡಿದ್ದ ಕೀವು ಎಲುವು ಒಡಕೊಂಡು ಬ್ಯಾರೆ ಕಡೆ ದಾರಿ ಮಾಡಕೊಂಡೈತಿ. ಕುತ್ತಿಗಿಗೆ ಇಳೀತಂದ್ರ ಗಂಟಲು ಬಾತು ಉಸಿರು ಕಟ್ಟತೈತಿ. ನಿನಗೇನೂ ಆಗೂದಿಲ್ಲ. ಆ ಹಲ್ಲಿನವರು ಸಾಯತಾರ, ಅವರಿಗೆ ಅದು ಗೊತ್ತೂ ಇಲ್ಲ."

ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹತ್ತು ದಿನ ನಾನು ಅವರ ದಿನಚರಿ ನೋಡಿದ್ದೆ. ಅವರು ಉಣ್ಣುವಾಗ ನಾನು ಅತ್ತಿದ್ದೆ. ಈಗ ನೋವು ನಿಂತಿತೆಂದು ಸಕ್ಕರೆ ಹಂಚಿದ್ದೆ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಮತ್ತೆ ಡಂಗುರ ಸಾರಿಸಿದರು. ಗಲ್ಲ ಬಾತವರು, ಜ್ವರ ಬಂದವರು, ಬಾಯಿ ತೆರೆಯಲಾಗದವರು, ನುಂಗಲು ಕಷ್ಟವಾಗುವವರು ಇದ್ದರೆ ಒಂದು ಕ್ಷಣವೂ ತಡಮಾಡದೆ ಬರಬೇಕು ಎಂದು. ಸಂಜೆಯವರೆಗೆ ಒಬ್ಬರೂ ಬರಲಿಲ್ಲ. ಬಾವು ಬಂದರೂ ನೋವಿಲ್ಲದಿದ್ದರೆ ಹಲ್ಲಿಂದಲೇ ಬಂದಿದ್ದು ಎಂದು ನಮ್ಮವರಿಗೆ ಹೊಳೆಯುವುದಾದರೂ ಹೇಗೆ? ಹನ್ನೊಂದನೇ ದಿನ ಬೆಳಿಗ್ಗೆ ನನಗೆ ನೋವು ಮರಳಿತು. ಈ ಸಲ ಹಲ್ಲಿನಲ್ಲಲ್ಲ, ದವಡೆಯ ಕೆಳಗೆ, ಕುತ್ತಿಗೆಯವರೆಗೂ. ಅಲೆ ಅಲೆಯಾಗಿ ಬಡಿದು ಒಂದೆರಡು ಕ್ಷಣ ಇಳಿಯುತ್ತಿತ್ತು, ಮತ್ತೆ ಬಡಿಯುತ್ತಿತ್ತು.

ಭರಮಣ್ಣ ಟಪಾಲು ಹಂಚಿ ಬಂದು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ. ಕನ್ನಡಕ ತೆಗೆದು ಮೂಗು ತಿಕ್ಕಿಕೊಂಡ. ಮೂಗಿನ ಎರಡೂ ಕಡೆ ಕೆಂಪು ಗುರುತು.

"ಯಾಕೋ, ಅಷ್ಟು ಒತ್ತತೈತೇನು ಅದು?"

"ಹೊಸಾದು ನೋಡಕ್ಕ. ಬೆಳಿಗ್ಗೆ ಹಾಕ್ಕೊಂಡ್ರ ಶುರು, ರಾತ್ರಿ ತಗದಿಟ್ಟರ ಆರಾಮ."

ನಾನು ಜೋಳ ಸುರಿಯುತ್ತಿದ್ದವಳು ನಿಂತುಬಿಟ್ಟೆ. ಬೆಳಿಗ್ಗೆ ಆರೂವರೆಗೆ ಹಾಕಿಕೊಳ್ಳುವುದು, ರಾತ್ರಿ ಒಂಬತ್ತಕ್ಕೆ ತೆಗೆದಿಡುವುದು. ಬಾಯಲ್ಲಿ ಹಾಗೆ ಹಾಕಿ ತೆಗೆಯುವುದು ಏನಿದೆ? ಕಟ್ಟಿಸಿದ ಹಲ್ಲಿನ ಸೆಟ್ಟು! ಊರಲ್ಲಿ ಅದನ್ನು ಹಾಕಿಕೊಳ್ಳುವವರು ಇಪ್ಪತ್ತು ಮಂದಿಯಾದರೂ ಇದ್ದರು. ಆದರೆ ತಟ್ಟುವ ಎರಡು ದಿನ ಒಂದೊಂದು ಹೆಸರು ಕೂಗಿದಾಗಲೂ ನನಗೆ ತಿವಿದಿತ್ತಲ್ಲ. ಹೆಸರು ಕೂಗಿದವರು ಒಬ್ಬರೇ. ಗಿರಣಿ ಬಂದ್ ಮಾಡು ಎಂದು ಭರಮಣ್ಣನಿಗೆ ಕೂಗಿ ಹೇಳಿ ಹಿಟ್ಟಿನ ಕೈಯಲ್ಲೇ ದವಾಖಾನೆಗೆ ಓಡಿದೆ.

"ಹಲ್ಲಿಲ್ಲದ ಬಾಯಾಗ ಹಲ್ಲುನೋವು ಎಲ್ಲಿಂದ ಬರಬೇಕು? ಅಕ್ಕೋರ ಹಲ್ಲು ಅಷ್ಟೂ ಕಿತ್ತಾಂವ ನಾನ" ಎಂದರು ಪ್ರಭಯ್ಯನವರು. ಹಾಗೆ ಹೇಳುತ್ತಿದ್ದವರು ಅರ್ಧಕ್ಕೇ ನಿಂತರು. "ಎಡಗಡೆ ಕೆಳಗಿನ ಹಿಂದಿನದು ಅಂದ್ಯಲ್ಲ?" ಎಂದು ಮೆತ್ತಗೆ ಕೇಳಿದರು. ಹೌದೆಂದೆ. ಜೀಪಿನ ಕೀಲಿ ತೆಗೆದುಕೊಂಡು ಹೊರಗೆ ನಡೆದೇಬಿಟ್ಟರು.

ಅಕ್ಕೋರು ಅಡುಗೆಮನೆಯಲ್ಲಿ ಕೂತು ಗಲ್ಲಕ್ಕೆ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟುಕೊಳ್ಳುತ್ತಿದ್ದರು. ಎಡಗಲ್ಲದಿಂದ ಕುತ್ತಿಗೆಯವರೆಗೆ ಬಾವು, ಚರ್ಮ ಮಿರಿಮಿರಿ ಹೊಳೆಯುತ್ತಿತ್ತು. ಕಣ್ಣು ಜ್ವರಕ್ಕೆ ಕೆಂಪಾಗಿದ್ದವು. "ಮಂಗನಬಾವು ಬಂದೈತಿ, ದೂರ ನಿಂದ್ರಿ. ಎರಡು ದಿನ ಆತು, ಸೆಟ್ಟು ಕೂಡವಲ್ದು" ಎಂದರು ತುಟಿ ಅಲುಗಿಸಿ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಪ್ರಭಯ್ಯನವರು ಆ ಗಂಟನ್ನು ಕಸಿದು ಎಸೆದರು. "ಕೀವಿನ ಬಾವಿಗೆ ಶಾಖ ಕೊಟ್ಟರ ಮತ್ತಷ್ಟು ಹಬ್ಬತೈತ್ರಿ!" ಎಂದು ಕೂಗಿದವರು ಹಾಗೇ ಅವರೆದುರು ನೆಲದ ಮೇಲೆ ಕೂತುಬಿಟ್ಟರು.

"ಅಕ್ಕೋರ, ಮೂವತ್ತಮೂರು ವರ್ಷದ ಹಿಂದ ನಿಮ್ಮ ಈ ಕಡಿ ಹಲ್ಲು ಕೀಳುವಾಗ ಬೇರಿನ ತುದಿ ಮುರದು ಒಳಗ ಉಳೀತ್ರಿ. ಸಣ್ಣದು, ಏನೂ ಮಾಡೂದಿಲ್ಲ ಅಂತ ಬಿಟ್ಟೆ. ಆಗ ನಾ ಹೊಸಬ. ಹೇಳಾಕ ನಾಚಿಕಿ ಬಂತು. ಹೇಳಲಿಲ್ಲ. ತಪ್ಪು ನಂದು."

ಅಕ್ಕೋರು ಅವರನ್ನು ನೋಡಲಿಲ್ಲ. ಬಾಗಿಲಲ್ಲಿ ದವಡೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. "ಹಂಗಾರ ಇದು ನಂದ" ಎಂದರು.

ಇಲ್ಲಿ ಮಾಡುವಂಥದಲ್ಲ, ಹಳ್ಳದ ಆಚೆಯ ದೊಡ್ಡ ದವಾಖಾನೆಗೆ ಈಗಿಂದೀಗಲೇ ಹೋಗಬೇಕು ಎಂದರು ಪ್ರಭಯ್ಯನವರು. ಅದೇ ತೊಡಕು. ನಮ್ಮೂರಿನ ಈ ಕಟ್ಟಳೆ ಹಳ್ಳದ ಸೇತುವೆಯವರೆಗೆ ಮಾತ್ರ. ಹಲ್ಲಿನವರು ದಾಟಲಿ, ನೋವಿನವರು ದಾಟಲಿ, ಯಾರೊಬ್ಬರು ದಾಟಿದರೂ ನೋವು ತಿರುಗಿ ಹಲ್ಲಿನವರ ಬಾಯಿಗೇ ಹೋಗಿ ಸೇರುತ್ತದೆ. ಆದ್ದರಿಂದ ಹಲ್ಲುನೋವಿದ್ದವರು ಸೇತುವೆ ದಾಟಬಾರದು. ದಾಟಿದರೆ ಅದು ಬೇರೆಯವರ ಮನೆಗೆ ಬೆಂಕಿ ಎಸೆದ ಹಾಗೆ, ಅಂಥವರಿಗೆ ಊರಲ್ಲಿ ಯಾರೂ ನೀರು ಕೊಡುವುದಿಲ್ಲ. ನಾನೇನು ದೊಡ್ಡ ಸಾಧ್ವಿಯಲ್ಲ. ನಾಲ್ಕನೇ ದಿನ ಊಟದ ಹೊತ್ತಿಗೆ ಸೇತುವೆಯ ಮೊದಲ ಕಲ್ಲಿನವರೆಗೆ ಹೋಗಿದ್ದೆ. ಯಾರೋ ಗೊತ್ತಿಲ್ಲದವರು ತುತ್ತು ಕೈಯಲ್ಲಿ ಹಿಡಿದು ಚೀರುವುದು ಕಣ್ಣಿಗೆ ಕಟ್ಟಿ ತಿರುಗಿ ಬಂದೆ. ಈಗ ಜ್ವರದಲ್ಲಿ ಬೇಯುತ್ತಿರುವ ಎಪ್ಪತ್ತೊಂದರ ಮುದುಕಿಗೆ ಈ ಹೊರೆ ಹೊರಿಸಬೇಕಿತ್ತು.

"ಅಕ್ಕೋರಿಗೆ ತಡಕೊಳ್ಳಾಕ ಆಗೂದಿಲ್ರಿ, ಏನರ ಮಾಡ್ರಿ" ಎಂದು ಡಾಕ್ಟರಿಗೆ ಹೇಳಿದೆ.

ಅಕ್ಕೋರೇ ಸೆರಗು ಸರಿಮಾಡಿಕೊಂಡು ಎದ್ದರು. "ನಡೀರಿ. ಯಾರ ಹಲ್ಲೂ ನನಗ ಒಂದ ಸಲನೂ ನೋತಿಲ್ಲ. ಹೆಂಗಿರತೈತಿ ನೋಡೂಣು."

ಜೀಪಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಜೊಲ್ಲು ನುಂಗಲಾಗದೆ ಅವರು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಊರ ಮನೆಗಳು ಹಿಂದಾದ ಮೇಲೆ ನನ್ನ ಮಣಿಕಟ್ಟು ಹಿಡಿದರು.

"ನಿನಗ ನೆನಪೈತೇನು ನೀಲಾ? ಮೂರನೇ ಇಯತ್ತೆ. ನಾ ಟೇಬಲ್ಲಿನ ಮುಂದ ಕುಂತು ಅಡಕಿ ಕಡದೆ. ಹಿಂದಿನ ಸಾಲಿನಾಗ ನೀ ಗಲ್ಲಾ ಹಿಡಕೊಂಡು ಚೀರಿದಿ."

ಅಲ್ಲಿಯವರೆಗೆ ನನಗೆ ನೆನಪಿರಲಿಲ್ಲ. ಹೇಳಿದ ಕೂಡಲೇ ಆ ಮಧ್ಯಾಹ್ನದ ಖೋಲಿ, ಕಿಟಕಿಯ ಸರಳು ಎಲ್ಲ ಕಣ್ಣ ಮುಂದೆ ಬಂದವು.

"ಮರುದಿನ ಮತ್ತ ಕಡದೆ, ಮತ್ತ ಚೀರಿದಿ. ಆಗ ಖಾತ್ರಿ ಆತು, ನೀನ ನನ್ನ ನೋವಿನಾಕಿ ಅಂತ. ಹೇಳಬೇಕಿತ್ತು. ಹೇಳಲಿಲ್ಲ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ಮೂರನೇ ದಿನ ಗೊತ್ತಿದ್ದೂ ಕಡದೆ. ನಿನ್ನ ಮಾರಿ ನೋಡಿಕೋಂತ ಕಡದೆ. ನಾ ಇಲ್ಲಿ ಒತ್ತಿದ್ರ ಅಲ್ಲಿ ಒಂದು ಹುಡುಗಿ ಹೆಂಗ ಮುದುಡತಾಳ ನೋಡೂಣು ಅಂತ. ಅಷ್ಟ. ಸಿಟ್ಟಿರಲಿಲ್ಲ, ಏನಿರಲಿಲ್ಲ. ಬರೇ ನೋಡೂಣು ಅಂತ. ಆಮ್ಯಾಲ ಗದ್ದಲಾ ಮಾಡತಿ ಅಂತ ನಿನ್ನ ಬಿಸಲಾಗ ನಿಲ್ಲಿಸಿದೆ."

ಮುಂದಿನ ಸೀಟಿನಿಂದ ಪ್ರಭಯ್ಯನವರು ತಿರುಗದೆಯೇ ಹೇಳಿದರು: "ಅದ ವಾರ ನನ್ನ ಹತ್ರ ಬಂದಿದ್ರು. ಒಂದ ಹಲ್ಲು ಹುಳುಕಿತ್ತು. ಎಲ್ಲಾ ಕೀಳು ಅಂದ್ರು. ಚಲೋ ಹಲ್ಲು ಯಾಕ್ರೀ ಅಂದ್ರ, ನೀ ಕೀಳದಿದ್ರ ಕಮ್ಮಾರನ ಹತ್ರ ಹೋಗತೀನಿ ಅಂದ್ರು. ಯಾರಿಗೂ ನೋಯದಂಗ ಸೂಜಿ ಹಾಕಿ ಎಲ್ಲಾ ಕಿತ್ತೆ."

"ಇದ್ರ ಮತ್ತ ಕಡೀತಿದ್ದೆ" ಎಂದರು ಅಕ್ಕೋರು.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಮೂವತ್ತೆಂಟರ ಹೆಂಗಸು ಒಂಬತ್ತು ವರ್ಷದವಳ ಮುಖ ನೋಡುತ್ತ ಅಡಕೆ ಕಡಿದಳಲ್ಲ! ಆ ಬಿಸಿಲಲ್ಲಿ ಕಾಲು ಸುಡುತ್ತ ನಿಂತದ್ದು, ನಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ಅತ್ತದ್ದು ನೆನಪಾಗಿ ಕೈ ಕೊಸರಿಕೊಂಡೆ. ಕುತ್ತಿಗೆಯಲ್ಲಿ ಇವರದೇ ನೋವು ಬಡಿಯುತ್ತಿತ್ತು. ದಾಟಲಿ, ಗೊತ್ತಾಗಲಿ ಇವರಿಗೂ ಎಂದು ಒಳಗೊಳಗೇ ಅಂದುಕೊಂಡೆ. ಅವರು ಕೈ ಮತ್ತೆ ಚಾಚಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮುಂದಿನ ರಸ್ತೆ ನೋಡುತ್ತ ಕೂತರು.

ಅವರು ಬದುಕಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದಿನದನ್ನು ನೆಟ್ಟಗೆ ಕೇಳುವುದಿಲ್ಲ. ಕುತ್ತಿಗೆಯ ಬಾವು ಕೊಯ್ದು ಕೀವು ತೆಗೆದು, ಬೇರಿನ ತುದಿ ಕಿತ್ತು, ಒಂಬತ್ತು ದಿನ ಇಟ್ಟುಕೊಂಡು ಕಳಿಸಿದರು. ಇನ್ನೊಂದು ರಾತ್ರಿ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರಂತೆ.

ಜೀಪಿನ ಮುಂದಿನ ಗಾಲಿ ಸೇತುವೆಯ ಆಚೆಯ ಮಣ್ಣಿಗೆ ತಾಗಿತು. ನನ್ನ ದವಡೆ ಹಗುರಾಯಿತು. ಹನ್ನೊಂದು ದಿನದ ನೋವು ಒಂದು ಉಸಿರಿನಲ್ಲಿ ಹೋಯಿತು. ಪಕ್ಕದಲ್ಲಿ ಅಕ್ಕೋರ ಕಣ್ಣು ಅಗಲವಾದವು. ಚೀರಲು ಬಾಯಿ ತೆರೆಯುತ್ತಿರಲಿಲ್ಲ, ಗಂಟಲಿಂದ ಒಂದು ಸಣ್ಣ ಸದ್ದು ಬಂತು, ಅಷ್ಟೆ. ಬೆನ್ನು ಬಿಲ್ಲಿನಂತೆ ಬಾಗಿತು. ಎಪ್ಪತ್ತೊಂದು ವರ್ಷ ಅದರ ಪರಿಚಯವೇ ಇಲ್ಲದವರು. ಎಲ್ಲಿ ಹಿಡಿಯಬೇಕು, ಹೇಗೆ ಕೂರಬೇಕು, ಏನೂ ತಿಳಿಯದೆ ಎರಡೂ ಕೈಯಲ್ಲಿ ಗಾಳಿ ಹಿಡಿಯುತ್ತಿದ್ದರು.

ನನಗೆ ತಿಳಿದಿತ್ತು. ಆ ನೋವಿನ ನಡೆ ನನಗಿಂತ ಚೆನ್ನಾಗಿ ಬಲ್ಲವರು ಆ ಜೀಪಿನಲ್ಲೇನು, ಜಗತ್ತಿನಲ್ಲೇ ಇರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಇತ್ತೋ, ನೋಡಲು ಪುರಸೊತ್ತಾಗಲಿಲ್ಲ. ಅವರ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. "ಹಿಂದಕ್ಕ ಒರಗಬ್ಯಾಡ್ರಿ, ಮುಂದ ಬಾಗ್ರಿ. ನಾಲಿಗಿ ಅದಕ್ಕ ತಗಲಸಬ್ಯಾಡ್ರಿ. ಇನ್ನೊಂದು ದೊಡ್ಡ ಬಡತ ಬರತೈತಿ, ಈಗ… ಹಾಂ, ಬಂತು. ಆತು. ಇನ್ನ ಸಣ್ಣದೊಂದು, ಆಮ್ಯಾಲ ಇಳೀತೈತಿ. ಇಳೀತಲ್ಲ? ಈಗ ಉಸಿರು ತಗೋರಿ. ಲಗೂ ತಗೋರಿ, ಮತ್ತ ಬರೂದರಾಗ." ನಾನು ಹೇಳಿದಂತೆಯೇ ಅದು ಬಂತು, ಹೇಳಿದಂತೆಯೇ ಇಳಿಯಿತು. ಅಕ್ಕೋರು ಪ್ರತಿ ಸಲವೂ ಮುಂದೇನು ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಹೇಳುತ್ತಿದ್ದೆ. ದವಾಖಾನೆಯ ಗೇಟಿನವರೆಗೂ ಹೇಳುತ್ತಲೇ ಹೋದೆ.

ಅಲ್ಲಿ ಗಾಲಿಕುರ್ಚಿ ತಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾಗದ ಹಿಡಿದು ಒಂದೊಂದೇ ಕೇಳಿದಳು. ನೋವು ಎಷ್ಟು ದಿನದಿಂದ, ಬಡಿಯುತ್ತದೋ ಒತ್ತುತ್ತದೋ, ನಡುವೆ ನಿಂತಿತ್ತೋ, ಯಾವಾಗ ಕುತ್ತಿಗೆಗೆ ಇಳಿಯಿತು. ಹನ್ನೊಂದು ದಿನ, ಮೊದಲು ಒತ್ತುತ್ತಿತ್ತು ಈಗ ಬಡಿಯುತ್ತದೆ, ನಿನ್ನೆ ನಸುಕಿನಲ್ಲಿ ನಿಂತಿತ್ತು, ಇವತ್ತು ಬೆಳಿಗ್ಗೆ ಇಳಿಯಿತು ಎಂದು ಎಲ್ಲಕ್ಕೂ ನಾನೇ ಉತ್ತರ ಕೊಟ್ಟೆ. ಅವಳು ಬರೆಯುವುದು ನಿಲ್ಲಿಸಿ ನನ್ನನ್ನೂ ಅಕ್ಕೋರನ್ನೂ ನೋಡಿದಳು.

"ನೋವು ಯಾರಿಗಮ್ಮ? ನಿಮಗಾ, ಅವರಿಗಾ?"

ನಾನು ಉತ್ತರಿಸುವ ಮೊದಲೇ ಗಾಲಿಕುರ್ಚಿಯಲ್ಲಿ ಅಕ್ಕೋರು ಕಣ್ಣು ಮುಚ್ಚಿಕೊಂಡೇ ಬಲಗೈ ಮೇಲೆತ್ತಿದರು, ಹಾಜರಿ ಕೂಗಿದಾಗ ನಾವೆಲ್ಲ ಎತ್ತುತ್ತಿದ್ದ ಹಾಗೆ. ಒಳಗೆ ಕರೆದುಕೊಂಡು ಹೋಗುವವರೆಗೂ ಆ ಕೈಯನ್ನು ಇಳಿಸಲೇ ಇಲ್ಲ.